ಪೆಂಡಾಲಿನೊಳಗೆ ಗಡೀಪಾರಿನ ಕಥೆ

2001ರ ದುರ್ಗಾಪೂಜೆಗೆ ಕೋಲ್ಕತ್ತಾದ ಕಸ್ಬಾದಲ್ಲಿ, ಬೋಸ್‌ಪುಕುರ್ ಶೀತಲಾ ಮಂದಿರದ ಪೆಂಡಾಲನ್ನು ಬಂಧನ್ ರಾಹಾ ಚಹಾದ ಮಣ್ಣಿನ ಕುಡಿಕೆಗಳಿಂದ ಕಟ್ಟಿದರು. ಕುಡಿದು ರಸ್ತೆಬದಿಗೆ ಎಸೆಯುವ ಕುಡಿಕೆ! ಅದನ್ನೇ ಒಂದರ ಪಕ್ಕ ಒಂದು ಜೋಡಿಸಿ ದೇವಿಗೆ ಮನೆ ಮಾಡಿದಾಗ ಜನ ಮುಗಿಬಿದ್ದರು. ಒಂದು ವಿಷಯ ಹಿಡಿದು ಪೆಂಡಾಲು ಕಟ್ಟುವ ‘ಥೀಮ್ ಪೂಜೆ’ಗೆ ಹೆಸರು ತಂದ ಕೆಲಸಗಳಲ್ಲಿ ಅದೂ ಒಂದು. ಗ್ಯಾಲರಿಯ ಬಿಳಿ ಗೋಡೆಗಳ ನಡುವಿನ ಎಷ್ಟೋ ಇನ್‌ಸ್ಟಲೇಷನ್‌ಗಳಿಗಿಂತ ಇದು ಮೇಲು ಎನ್ನಲು ನನಗೆ ಹಿಂಜರಿಕೆಯಿಲ್ಲ. ನೋಡಲು ಬಂದವರಿಗೆಲ್ಲ ಆ ಕುಡಿಕೆಯ ಬಿಸಿ, ಮಣ್ಣಿನ ವಾಸನೆ ಮೊದಲೇ ಗೊತ್ತಿತ್ತು. ಕಲಾವಿದ ಏನನ್ನೂ ವಿವರಿಸಬೇಕಾಗಿರಲಿಲ್ಲ.

ಅಗಲಿಕೆಯ ನೋವನ್ನೂ ಈ ಪೆಂಡಾಲುಗಳು ಹೊತ್ತಿವೆ. 2021ರಲ್ಲಿ ಬೆಹಾಲಾ ಕಡೆಯ ಬಾರಿಶಾ ಕ್ಲಬ್‌ಗೆ ರಿಂಟು ದಾಸ್ ಮಾಡಿದ ‘ಭಾಗೇರ್ ಮಾ’ (ಹಂಚಿಹೋದ ತಾಯಿ) ಪೆಂಡಾಲನ್ನು ನೆನೆಯಿರಿ. ಒಂದು ಪಕ್ಕ ಭಾರತದ ಗಡಿ, ಇನ್ನೊಂದು ಪಕ್ಕ ಬಾಂಗ್ಲಾದ ಗಡಿ. ನಡುವಿನ ಪಂಜರದಲ್ಲಿ ಮಕ್ಕಳೊಂದಿಗೆ ಒಬ್ಬ ತಾಯಿ, ಅವಳ ಕೈಯಲ್ಲಿ ದುರ್ಗೆಯ ವಿಗ್ರಹ. ಇದು ಬರೀ ಕಲ್ಪನೆಯಲ್ಲ. ದೇಶವಿಭಜನೆಯ ಬೆನ್ನಿಗೇ ಢಾಕಾದ ಢಾಕೇಶ್ವರಿಯ ಹಳೆಯ ಮೂರ್ತಿ 1948ರಲ್ಲಿ ಕೋಲ್ಕತ್ತಾಗೆ ಬಂದು, ಮೂರ್ತಿಕಾರರ ಕೇರಿಯಾದ ಕುಮಾರ್ತುಲಿಯಲ್ಲಿ ನೆಲೆಸಿತು. ದೇವಿಯೇ ನಿರಾಶ್ರಿತಳಾಗಿ ಬಂದ ಊರಿದು.

ಈ ಸಾಲಿಗೆ ನಮ್ಮ ನೆಲದ ಒಂದು ಕಥೆಯೂ ಸೇರಬೇಕೆಂಬುದು ನನ್ನ ಬಹುದಿನದ ಆಸೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಮಕ್ಕಳನ್ನು ಕಂಪನಿ ಸರ್ಕಾರ ವೆಲ್ಲೂರಿನ ಕೋಟೆಯಲ್ಲಿಟ್ಟಿತು. 1806ರಲ್ಲಿ ಅಲ್ಲಿ ಸಿಪಾಯಿಗಳು ದಂಗೆಯೆದ್ದದ್ದೇ ತಡ, ಸಂಸಾರವನ್ನು ಇನ್ನೂ ದೂರದ ಕಲ್ಕತ್ತೆಗೆ, ಟಾಲಿಗಂಜ್ ಕಡೆಗೆ ಸಾಗಿಸಿದರು. ಅಪ್ಪನನ್ನು ಕಳೆದುಕೊಂಡು, ಊರು ಬಿಟ್ಟು, ಗೆದ್ದವರು ಕೊಟ್ಟ ಪಿಂಚಣಿಯಲ್ಲೇ ಬದುಕಿದವರು ಅವರು. ಮಗ ಗುಲಾಮ್ ಮೊಹಮ್ಮದ್ 1842ರಲ್ಲಿ ಧರ್ಮತಲಾದಲ್ಲಿ ಕಟ್ಟಿಸಿದ ಮಸೀದಿ ಇಂದಿಗೂ ಟಿಪ್ಪುವಿನ ಹೆಸರಿನಲ್ಲಿದೆ. ಕಸ್ಬಾಕ್ಕೆ ಹೆಚ್ಚು ದೂರವಿಲ್ಲದ ಪ್ರಿನ್ಸ್ ಅನ್ವರ್ ಶಾ ರಸ್ತೆಯ ಹೆಸರೂ ಅದೇ ಮನೆತನದ್ದು. ಅಲ್ಲಿನ ಮಾಲ್‌ಗೆ ಹೋಗುವವರು ಆ ಹೆಸರನ್ನು ದಿನವೂ ಆಟೋದವನಿಗೆ ಹೇಳುತ್ತಾರೆ. ಅದರ ಹಿಂದೆ ಕಾವೇರಿ ತೀರದ ಒಂದು ಮನೆಯಿದೆ ಎಂದು ತಿಳಿದವರು ಎಷ್ಟು ಮಂದಿ?

ಇದನ್ನು ಕೃತಿಯಾಗಿಸುವವರು ಹುಲಿ, ಖಡ್ಗಗಳ ಗೊಡವೆಗೆ ಹೋಗಬಾರದು. ಟಿಪ್ಪುವಿನ ಮರದ ಹುಲಿ ಹೇಗೂ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಸೇರಿದೆ. ಗೆದ್ದವರು ಹೊತ್ತೊಯ್ದದ್ದು ಅದು; ಮಕ್ಕಳ ಪಾಲಿಗೆ ಉಳಿದದ್ದೇನು ಎಂಬುದನ್ನು ತೋರಿಸಬೇಕು. ಪಿಂಚಣಿಯ ಕಾಗದಗಳು, ಕಾವಲಿನ ನಡುವೆ ಬೆಳೆದ ಮಕ್ಕಳ ಆಟದ ಸಾಮಾನು ಇರಲಿ. ಜನ ಟಿಪ್ಪುವಿನ ಕಾಲದೊಂದಿಗೆ ನಂಟು ಹೇಳುವ ಚನ್ನಪಟ್ಟಣದ ಅರಗಿನ ಗೊಂಬೆಗಳು ಅಲ್ಲಿ ಬಲು ಚೆನ್ನಾಗಿ ಒಪ್ಪುತ್ತವೆ. ಬೋಸ್‌ಪುಕುರ್‌ನ ಕುಡಿಕೆಗಳಂತೆ ಅವನ್ನೂ ಸಾವಿರಗಟ್ಟಲೆ ಜೋಡಿಸಬಹುದು. ಚನ್ನಪಟ್ಟಣದ ಕುಶಲಕರ್ಮಿಗಳನ್ನೂ ಕುಮಾರ್ತುಲಿಯ ಮೂರ್ತಿಕಾರರನ್ನೂ ಒಂದು ಮಳೆಗಾಲ ಒಟ್ಟಿಗೆ ಕೂರಿಸಲು ನಮ್ಮ ಲಲಿತಕಲಾ ಅಕಾಡೆಮಿ ಮನಸ್ಸು ಮಾಡಲಿ.