ಹೊಟ್ಟೆ ಒತ್ತುವ ಕೈಗಳಿಗೆ

ಹೊಳಲ್ಕೆರೆ ಸುತ್ತಿನ ಅಡಿಕೆ ಸೀಮೆಯಲ್ಲಿ ಕೆರೆಗಳ ಜೊತೆಗೆ ಕೃಷಿ ಹೊಂಡಗಳೂ ಈಗ ಜೀವಕ್ಕೆ ಎರವಾಗುತ್ತಿವೆ. ಹೊಂಡದ ಪ್ಲಾಸ್ಟಿಕ್ ಹಾಸು ಪಾಚಿ ಕಟ್ಟಿ ಜಾರುತ್ತದೆ. ಬಿದ್ದವರಿಗೆ ಹಿಡಿಯಲು ಒಂದು ಕಲ್ಲೂ ಸಿಗದು. ಮುಳುಗಿದವರನ್ನು ಮೇಲೆತ್ತಿದ ಕೂಡಲೇ ಸುತ್ತ ಸೇರಿದವರು ಕೂಗುತ್ತಾರೆ: "ಹೊಟ್ಟೆ ಒತ್ರೋ, ನೀರು ಹೊರಗೆ ಬರ್ಲಿ!" ಮಕ್ಕಳಾದರೆ ಕಾಲು ಹಿಡಿದು ತಲೆಕೆಳಗು ಮಾಡುತ್ತಾರೆ. ಇದು ತಪ್ಪು, ಜೀವ ತೆಗೆಯುವಂಥ ತಪ್ಪು.

ಮುಳುಗಿದವರು ಸಾಯುವುದು ಆಮ್ಲಜನಕ ಸಿಗದೆ. ಶ್ವಾಸಕೋಶಕ್ಕೆ ಹೋಗುವ ನೀರು ಸಾಮಾನ್ಯವಾಗಿ ಸ್ವಲ್ಪವೇ. ಕೆರೆಯ ಸಿಹಿನೀರು ಬೇಗನೆ ರಕ್ತಕ್ಕೆ ಸೇರಿಹೋಗುತ್ತದೆ. ಒತ್ತಿದಾಗ ಹೊರಬರುವುದು ಜಠರದ ನೀರು, ಜೊತೆಗೆ ಉಂಡ ಅನ್ನ. ಪ್ರಜ್ಞೆಯಿಲ್ಲದವರ ಶ್ವಾಸನಾಳಕ್ಕೆ ಅದು ಇಳಿದರೆ ಇದ್ದ ದಾರಿಯೂ ಮುಚ್ಚಿತು. ಉಸಿರು ನಿಂತ ನಾಲ್ಕಾರು ನಿಮಿಷದಲ್ಲಿ ಮಿದುಳು ಕೆಡತೊಡಗುತ್ತದೆ. ಆ ನಿಮಿಷಗಳನ್ನೇ ನಾವು ಹೊಟ್ಟೆ ಒತ್ತುತ್ತ ಕಳೆಯುತ್ತೇವೆ.

2022ರಲ್ಲಿ ಬಳ್ಳಾರಿ ತಾಲ್ಲೂಕಿನ ಸಿರವಾರದಲ್ಲಿ, ಉಪ್ಪಿನಲ್ಲಿಟ್ಟರೆ ಜೀವ ಮರಳುತ್ತದೆ ಎಂದು ಮೊಬೈಲಿನಲ್ಲಿ ಹರಿದಾಡಿದ ಸುಳ್ಳನ್ನು ನಂಬಿ, ಮುಳುಗಿದ ಹುಡುಗನ ದೇಹವನ್ನು ಹೆತ್ತವರು ಉಪ್ಪಿನ ರಾಶಿಯಲ್ಲಿ ಗಂಟೆಗಟ್ಟಲೆ ಇಟ್ಟು ಕಾದರು. ಆ ಹೆತ್ತವರನ್ನು ದೂರಲು ನನಗೆ ಮನಸ್ಸಿಲ್ಲ; ಸರಿಯಾದುದನ್ನು ಅವರಿಗೆ ಮೊದಲೇ ತಿಳಿಸಬೇಕಿತ್ತು.

ಓದಿದವರ ನಂಬಿಕೆ ಬೇರೆ: ಎದೆ ಒತ್ತಿದರೆ ಸಾಕು, ಬಾಯಿಗೆ ಬಾಯಿ ಬೇಡ. ಹೃದಯಾಘಾತದಿಂದ ಕುಸಿದವರ ರಕ್ತದಲ್ಲಿ ಆಮ್ಲಜನಕ ಉಳಿದಿರುವುದರಿಂದ ಅಲ್ಲಿ ಅದು ನಡೆದೀತು. ಮುಳುಗಿದವರಲ್ಲಿ ಆಮ್ಲಜನಕ ಮುಗಿದೇ ಹೃದಯ ನಿಂತಿರುತ್ತದೆ. ಆದ್ದರಿಂದ ಗದ್ದ ಎತ್ತಿ, ಮೂಗು ಮುಚ್ಚಿ, ಎದೆ ಏಳುವಂತೆ ಮೊದಲು ಐದು ಸಲ ಊದಬೇಕು. ಬಳಿಕ 30 ಸಲ ಎದೆ ಒತ್ತಿ, 2 ಸಲ ಊದುತ್ತ ಮುಂದುವರಿಸಬೇಕು. ಬಾಯಲ್ಲಿ ನೊರೆ ಉಕ್ಕಿದರೆ ಒರೆಸುತ್ತ ಕೂರದೆ ಅದರ ಮೇಲೆಯೇ ಊದಬೇಕು. ವಾಂತಿ ತಾನಾಗಿ ಬಂದರೆ ಮಾತ್ರ ಪಕ್ಕಕ್ಕೆ ಹೊರಳಿಸಿ ಬಾಯಿ ಶುಚಿ ಮಾಡಬೇಕು.

ಮುರ್ಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗ್ ಮಾಡಲು ನಮ್ಮ ಹುಡುಗರೂ ಹೋಗುತ್ತಾರೆ. ಉಸಿರು ಊದುವುದು ಎಷ್ಟು ಮುಖ್ಯ ಎಂಬುದಕ್ಕೆ ಸ್ಕೂಬಾ ರಕ್ಷಕರಿಗೆ ಕೊಡುವ ತರಬೇತಿ ನೋಡಿ: ಉಸಿರು ನಿಂತವರನ್ನು ಮೇಲಕ್ಕೆ ತಂದು, ನೀರಿನಲ್ಲಿ ತೇಲಿಸಿಕೊಂಡೇ ಊದುವುದನ್ನು ಕಲಿಸುತ್ತಾರೆ. ಎದೆ ಒತ್ತಲು ಗಟ್ಟಿ ನೆಲ ಬೇಕು. ಉಸಿರು ಕೊಡಲು ದಡ ಮುಟ್ಟುವವರೆಗೆ ಕಾಯುವುದಿಲ್ಲ.

ಹೊಂಡಕ್ಕೆ ತಂತಿಬೇಲಿ ಬೇಕು, ನೀರಿಗೆ ಇಳಿಬಿಟ್ಟ ಗಂಟಿನ ಹಗ್ಗ ಬೇಕು. ಅದರಷ್ಟೇ ಮುಖ್ಯವಾಗಿ ಪ್ರತಿ ಗ್ರಾಮ ಪಂಚಾಯ್ತಿಯಲ್ಲೂ ತರಬೇತಿಯ ಗೊಂಬೆ ಇಟ್ಟು, ತೋಟದ ಆಳುಕಾಳುಗಳಿಗೆ, ಶಾಲೆಯ ಮಕ್ಕಳಿಗೆ ಉಸಿರು ಊದುವುದನ್ನೂ ಎದೆ ಒತ್ತುವುದನ್ನೂ ಮಾಡಿಸಿ ಕಲಿಸಬೇಕು. 108ರ ಆಂಬುಲೆನ್ಸ್ ಬರುವವರೆಗೆ ಅಲ್ಲಿರುವವರು ಅವರೇ. ಉಸಿರು ಮರಳಿ ಎದ್ದು ಕೂತವರನ್ನೂ ಮನೆಗೆ ಕರೆದೊಯ್ಯಬಾರದು. ಕೆಲವು ಗಂಟೆಗಳ ಮೇಲೂ ಶ್ವಾಸಕೋಶ ಕೆಡಬಹುದು, ಆಸ್ಪತ್ರೆಗೆ ಸೇರಿಸಲೇಬೇಕು.