ಹದ ತಪ್ಪಿದ ಉಕ್ಕು

ಕಳೆದ ವಾರ ಭಾಲ್ಕಿಯ ಅಂಗಡಿಯೊಂದರಲ್ಲಿ ಔರಾದ ಕಡೆಯ ರೈತನೊಬ್ಬನು ಟ್ರ್ಯಾಕ್ಟರಿನ ಮುರಿದ ಬೋಲ್ಟನ್ನು ಮುಂದಿಟ್ಟು, “ಇದಕ್ಕಿಂತ ಗಟ್ಟಿದು ಕೊಡ್ರಿ” ಎನ್ನಲು, ಅದರ ತಲೆಯ ಮೇಲಿದ್ದ 8.8 ಎಂಬ ಅಂಕಿಯನ್ನು ಕಂಡ ಅಂಗಡಿಯವನು 12.9ರ ಬೋಲ್ಟೊಂದನ್ನು ತೆಗೆದನು. ಪ್ರತಿ ಚದರ ಮಿಲಿಮೀಟರಿಗೆ 800 ನ್ಯೂಟನ್ ಸೆಳೆತವನ್ನು ತಾಳುವ ಉಕ್ಕಿಗಿಂತ 1200 ತಾಳುವುದು ಲೇಸೆಂದು ಯಾರಿಗೆ ತೋರದು?

ಆದರೆ 2012ರ ಡಿಸೆಂಬರಿನಲ್ಲಿ, ಮೆಕ್ಸಿಕೋ ಕೊಲ್ಲಿಯಲ್ಲಿ ‘ಡಿಸ್ಕವರರ್ ಇಂಡಿಯಾ’ ಎಂಬ ಹಡಗು ತೈಲಬಾವಿಯನ್ನು ಕೊರೆಯುತ್ತಿದ್ದಾಗ, ಬಾವಿಯ ಬಾಯಿಗೆ ಬೀಗದಂತಿದ್ದ ಯಂತ್ರದ ಬೋಲ್ಟುಗಳು ಮುರಿದು, ಕೊರೆತದ ದ್ರವವು ಕಡಲಿಗೆ ಸುರಿಯಿತು. ಅವು ಬಲಹೀನವಾದುವಲ್ಲ, ಅತಿ ಕಠಿಣವಾದುವು, ಮೇಲಾಗಿ ಸತುವಿನ ವಿದ್ಯುತ್‌ಲೇಪ ಪಡೆದುವು. ಸತುವೇ ಮೂಲಲೋಹವಾದ ಬಿದರಿ ಪಾತ್ರೆಗಳನ್ನು ಕೂಡಿಡುವ ಗೀಳುಳ್ಳ ನನಗೆ ಸತುವಿನ ಮೇಲೆ ಈ ಅಪವಾದ ಬಂದುದು ವ್ಯಥೆಯೇ ಸರಿ.

ಲೇಪಕ್ಕೆ ಮುನ್ನ ಆಮ್ಲದಲ್ಲಿ ತೊಳೆಯುವಾಗಲೂ ಲೇಪದ ತೊಟ್ಟಿಯಲ್ಲಿಯೂ ಹುಟ್ಟುವ ಜಲಜನಕವು ಪರಮಾಣುರೂಪವಾಗಿ ಉಕ್ಕಿನೊಳಗೆ ಹೊಕ್ಕು, ಹೊರಬರಲು ಸತುವಿನ ಪೊರೆಯೇ ಅಡ್ಡವಾಗಿ, ಬಿಗಿತ ಹೆಚ್ಚಿರುವ ಎಡೆಯನ್ನು ಅರಸಿ ಸೇರುವುದು. ಬಿಗಿದ ದಿನ ಮುರಿಯದ ಬೋಲ್ಟು ದಿನಗಳ, ತಿಂಗಳುಗಳ ಬಳಿಕ, ಬಾಗುವ ಸೂಚನೆಯನ್ನೂ ಕೊಡದೆ ತಟ್ಟನೆ ತುಂಡಾಗುವುದು. ಮೆದು ಉಕ್ಕು ಕೊಂಚ ಹಿಗ್ಗಿ ಸಹಿಸುವ ಈ ಪೀಡೆಯನ್ನು ಕಠಿಣ ಉಕ್ಕು ಸಹಿಸದು. 1875ರಲ್ಲಿಯೇ ಇಂಗ್ಲೆಂಡಿನ ಡಬ್ಲ್ಯು. ಎಚ್. ಜಾನ್ಸನ್, ಆಮ್ಲದಲ್ಲಿ ಅದ್ದಿದ ಕಬ್ಬಿಣದ ತಂತಿಯನ್ನು ಮುರಿದು ತೇವ ಮಾಡಿದಾಗ ಮುರಿದ ಮುಖದಿಂದ ಗುಳ್ಳೆಗಳೆದ್ದುದನ್ನೂ, ಕಾಲಕ್ರಮದಲ್ಲಿ ತಂತಿಯು ತನ್ನ ಮೊದಲ ಗುಣಕ್ಕೆ ಮರಳಿದುದನ್ನೂ ಕಂಡಿದ್ದನು. ಲೇಪವಾದ ಕೆಲವೇ ಗಂಟೆಗಳೊಳಗೆ ಸುಮಾರು 200 ಡಿಗ್ರಿಯ ಒಲೆಯಲ್ಲಿ ಬಹುಹೊತ್ತು ಬೇಯಿಸಿ ಅನಿಲವನ್ನು ಹೊರಗಟ್ಟುವ ರೂಢಿಗೆ ಇದೇ ಆಧಾರ. ಕಡಲಲ್ಲಿ ಮತ್ತೊಂದು ವಿಪರೀತವುಂಟು: ತುಕ್ಕು ಹಿಡಿಯದಿರಲೆಂದು ಉಕ್ಕಿನ ಬದಲು ತಾವೇ ಕರಗಲು ತೂಗುಹಾಕುವ ಲೋಹದ ಗಟ್ಟಿಗಳೇ ಉಕ್ಕಿನ ಮೈಮೇಲೆ ಜಲಜನಕವನ್ನು ಹುಟ್ಟಿಸುವುವು. ತುಕ್ಕಿನಿಂದ ಕಾಯುವವನೇ ಬಿರುಕನ್ನು ಬಿತ್ತುವ ಇಂಥ ಸ್ನೇಹವನ್ನು ಕುಲುಮೆಯ ಹದವನ್ನರಿತ ಕಮ್ಮಾರನು ಮೆಚ್ಚಲಾರನು.

ಬೀದರಿನ ಬಿದರಿ ಪಾತ್ರೆಗಳಲ್ಲಿಯಾದರೋ ಸತುವು ಹೊರೆ ಹೊರುವುದಿಲ್ಲ; ತುಸು ತಾಮ್ರ ಕೂಡಿದ ಆ ಲೋಹಕ್ಕೆ ಬೆಳ್ಳಿಯ ಬಳ್ಳಿಯನ್ನು ಕೂರಿಸಿ, ಕೋಟೆಯ ಮಣ್ಣನ್ನು ನವಸಾಗರದೊಡನೆ ಕಲಸಿ ಬಳಿದರೆ, ತಾನು ಕಪ್ಪಾಗಿ ಬೆಳ್ಳಿಯನ್ನು ಮೆರೆಸುವುದಷ್ಟೇ ಅದರ ಕೆಲಸ.

ಅಂಗಡಿಯವನು ತೆಗೆದ 12.9ರ ಬೋಲ್ಟಿಗೂ ಸತುವಿನ ಹೊಳಪಿರಲಿಲ್ಲ. ಎಣ್ಣೆ ಸವರಿದ ಕಪ್ಪು ಮೈ. ರೈತನು ಅದನ್ನು ಎರಡು ಬಾರಿ ತಿರುಗಿಸಿ ನೋಡಿ, “ಇದಕ್ಕ ಹೊಳಪೇ ಇಲ್ಲಲ್ರಿ” ಎಂದು ಗೊಣಗಿ, ಮಿರುಗುವ 8.8ನ್ನೇ ಕೊಂಡು ಔರಾದ ಬಸ್ಸು ಹಿಡಿದನು. ಮೇಜಿನ ಮೇಲುಳಿದ ಕರಿಯ ಬೋಲ್ಟನ್ನು ನಾನು ಕೊಂಡುತಂದು, ನನ್ನ ಬಿದರಿ ಹೂಜಿಯ ಪಕ್ಕದಲ್ಲಿರಿಸಿದ್ದೇನೆ.