ಅರವತ್ತು ನಿಮಿಷದ ಸಿಟ್ಟು

ಕಾವ್ಯಸಂಕಲನಗಳನ್ನು ಕುರಿತು ನಮ್ಮಲ್ಲಿ ವಿಮರ್ಶೆ ಸಾಕಷ್ಟು ನಡೆದಿದೆ. ಹಾಡುಗಳ ಸಂಕಲನವನ್ನು ಕುರಿತು ನಡೆದುದು ಕಡಿಮೆ. ತನ್ನ ಮೆಚ್ಚಿನ ಹಾಡುಗಳನ್ನು ತಾನೇ ಆಯ್ದು, ಒಂದರ ಹಿಂದೊಂದು ಜೋಡಿಸಿ, ಮತ್ತೆ ಮತ್ತೆ ಕೇಳಲೆಂದು ತುಂಬಿಸಿಟ್ಟುಕೊಳ್ಳುವವನನ್ನು ನಾವು ರಸಿಕನೆನ್ನುತ್ತೇವೆಯೇ ಹೊರತು ವಿಮರ್ಶಕನೆನ್ನುವುದಿಲ್ಲ. ಆದರೆ ಅವನು ಮಾಡುವುದು ವಿಮರ್ಶಕನ ಕೆಲಸವೇ. ಇದು ಬೇಕು, ಅದು ಬೇಡ. ಇದು ಮೊದಲು, ಅದು ಆಮೇಲೆ ಎನ್ನುವಾಗಲೆಲ್ಲ ಅವನು ತೀರ್ಪು ಕೊಡುತ್ತಿರುತ್ತಾನೆ. ಕಾರಣಗಳನ್ನು ಬರೆದಿಡುವುದಿಲ್ಲ, ಅಷ್ಟೆ. ಈಚೆಗೆ ನಾವು ಮಾಡಿಕೊಂಡ ಅಂಥದೊಂದು ಸಂಕಲನದ ಕಾರಣಗಳನ್ನು ಇಲ್ಲಿ ಬರೆದಿಡಬೇಕೆಂದಿದ್ದೇವೆ. ಅದರಲ್ಲಿಯ ಒಂದು ಹಾಡು ಸಂಘದ ಕೆಲವು ಮಿತ್ರರಿಗೆ ಸಹನೆಯಾಗಿಲ್ಲ. ಈ ಬರೆಹಕ್ಕೆ ಅದೂ ಒಂದು ನಿಮಿತ್ತ.

ಸಂಕಲನದ ವಸ್ತು ಸಿಟ್ಟು. ಮೊದಲ ಮಗ್ಗುಲಿಗೆ ‘ಪಂಕ್’ ಎಂದು ಹೆಸರಾದ ಇಂಗ್ಲಿಷ್ ಹಾಡುಗಳು. ಎರಡನೆಯ ಮಗ್ಗುಲಿಗೆ ನಮ್ಮ ಸೀಮೆಯವು. ಮಗ್ಗುಲು ಎಂಬ ಮಾತು ಕ್ಯಾಸೆಟ್ಟಿನದು. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಆ ಪುಟ್ಟ ಪೆಟ್ಟಿಗೆಯ ಕಾಲ ಮುಗಿದಿದೆ. ಉಗುರಿನಷ್ಟು ಚಿಪ್ಪಿನಲ್ಲಿ ಈಗ ಸಾವಿರಾರು ಹಾಡು ಹಿಡಿಯುತ್ತವೆ. ನಮ್ಮ ಸಂಕಲನವೂ ಇರುವುದು ಮೊಬೈಲಿನಲ್ಲಿಯೇ. ಆದರೂ ಹಳೆಯ ಅಳತೆಯನ್ನು ಬೇಕೆಂದೇ ಇಟ್ಟುಕೊಂಡೆವು: ಒಟ್ಟು ಅರವತ್ತು ನಿಮಿಷ, ಮಗ್ಗುಲಿಗೆ ಮೂವತ್ತು. ಎಲ್ಲಕ್ಕೂ ಜಾಗವಿರುವಲ್ಲಿ ಯಾವುದನ್ನೂ ಬಿಡಬೇಕಾಗಿಲ್ಲ. ಯಾವುದನ್ನೂ ಬಿಡದವನಿಗೆ ತನಗೆ ಮೆಚ್ಚಿದ್ದು ಯಾವುದೆಂಬುದೇ ತಿಳಿಯುವುದಿಲ್ಲ.

ಪಂಕ್ ಎಂದರೇನೆಂದು ಕೇಳುವ ಓದುಗರಿಗೆ ಎರಡು ಮಾತು. 1970ರ ದಶಕದ ನಡುವೆ ನ್ಯೂಯಾರ್ಕ್ ಹಾಗೂ ಲಂಡನ್ನುಗಳಲ್ಲಿ ತಲೆಯೆತ್ತಿದ ಗೀತಪದ್ಧತಿಯಿದು. ಆ ಹೊತ್ತಿಗೆ ಅಲ್ಲಿಯ ರಾಕ್ ಸಂಗೀತ ಪಂಡಿತರ ಸೊತ್ತಾಗಿತ್ತು. ಒಮ್ಮೊಮ್ಮೆ ಒಂದೇ ಹಾಡು ತಟ್ಟೆಯ ಒಂದು ಮಗ್ಗುಲನ್ನೆಲ್ಲ ನುಂಗುತ್ತಿತ್ತು. ಇವರು ಬಂದು ಹಾಡನ್ನು ಎರಡು-ಮೂರು ನಿಮಿಷಕ್ಕೆ ಇಳಿಸಿದರು. ಮೂರು ಸ್ವರಮೇಳಗಳು ಸಾಕೆಂದರು. ಪೂರಾ ಕಲಿಯುವ ಮೊದಲೇ ವೇದಿಕೆಯೇರಿದರು. ರಮೋನ್ಸ್ ತಂಡದ 1976ರ ಮೊದಲ ತಟ್ಟೆಯಲ್ಲಿ 14 ಹಾಡುಗಳಿವೆ. ಎಲ್ಲ ಸೇರಿ ಅರ್ಧ ತಾಸೂ ಆಗುವುದಿಲ್ಲ. ಬಝ್‌ಕಾಕ್ಸ್ ಎಂಬ ಮ್ಯಾಂಚೆಸ್ಟರಿನ ತಂಡದವರು 500 ಪೌಂಡು ಕೈಗಡ ತಂದು, 1977ರ ಜನವರಿಯಲ್ಲಿ ತಮ್ಮ ತಟ್ಟೆಯನ್ನು ತಾವೇ ಹೊರಡಿಸಿದರು. ಮಾರ್ಕ್ ಪೆರ್ರಿ ಎಂಬ ಬ್ಯಾಂಕ್ ಗುಮಾಸ್ತ 1976ರಲ್ಲಿ ‘ಸ್ನಿಫಿನ್ ಗ್ಲೂ’ ಎಂಬ ಪತ್ರಿಕೆಯನ್ನು ಟೈಪು ಮಾಡಿ, ತಲೆಬರಹಗಳನ್ನು ಕೈಯಿಂದಲೇ ಗೀಚಿ, ಪ್ರತಿ ತೆಗೆಸಿ ಹಂಚಿದ. ಸೈಕ್ಲೋಸ್ಟೈಲ್ ಹಾಳೆಗಳ ಮೇಲೆ ಬದುಕಿರುವ ನಮ್ಮ ಪತ್ರಿಕೆಯ ಓದುಗರು ಈ ಮನುಷ್ಯನನ್ನು ನೆಂಟನೆಂದೇ ಬಗೆಯಬಹುದು.

ಇನ್ನು ಆಯ್ಕೆಯ ಮಾತು. ಭರತನ ಮತದಲ್ಲಿ ರೌದ್ರಕ್ಕೆ ಕ್ರೋಧ ಸ್ಥಾಯಿ, ವೀರಕ್ಕೆ ಉತ್ಸಾಹ. ಪಂಕ್ ಹಾಡುಗಾರರೆಲ್ಲ ರೌದ್ರದವರೆಂದೇ ಮೇಲುನೋಟಕ್ಕೆ ತೋರುತ್ತದೆ. ಕಿವಿಗೊಟ್ಟು ಕೇಳಿದರೆ ಹಾಗಲ್ಲ. ಸೆಕ್ಸ್ ಪಿಸ್ಟಲ್ಸ್ ತಂಡವನ್ನೇ ನೋಡೋಣ. ರಾಣಿಯ ಆಳ್ವಿಕೆಯ ಬೆಳ್ಳಿಹಬ್ಬದ ವರುಷವಾದ 1977ರಲ್ಲಿ ಅವರು ರಾಷ್ಟ್ರಗೀತೆಯ ಹೆಸರನ್ನೇ ಕದ್ದು ಅವಳನ್ನು ಹಳಿದರು, ಬಿ.ಬಿ.ಸಿ. ಆ ಹಾಡನ್ನು ನಿಷೇಧಿಸಿತು. ಆದರೂ ಅದು ಮಾರಾಟದ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿತು. ಚರಿತ್ರೆಯಲ್ಲಿ ಇದಕ್ಕಿಂತ ಹೆಸರಾದ ಪಂಕ್ ಹಾಡಿಲ್ಲ. ನಾವು ಅದನ್ನು ಬಿಟ್ಟಿದ್ದೇವೆ. ಹಾಡಿಗಿಂತ ಹಾಡಿನ ಕಥೆಯೇ ದೊಡ್ಡದಾಗಿಬಿಟ್ಟಿದೆ ಎಂಬುದೊಂದು ಕಾರಣ. ಆ ದನಿಯಲ್ಲಿ ಸಿಟ್ಟಿಗಿಂತ ಅಣಕವೇ ಹೆಚ್ಚು ಎಂಬುದು ಇನ್ನೊಂದು. ಅದು ಹಾಸ್ಯದ ಓಣಿಯಲ್ಲಿ ಮನೆ ಮಾಡಬೇಕಾದದ್ದು. ಅವರ ವ್ಯವಸ್ಥಾಪಕ ಮಾಲ್ಕಮ್ ಮೆಕ್‌ಲಾರೆನ್ ಲಂಡನ್ನಿನಲ್ಲಿ ಬಟ್ಟೆಯಂಗಡಿ ಇಟ್ಟಿದ್ದವನು. ಅಂಗಡಿಯ ಗಲ್ಲೆಯ ಮೇಲೆ ಅಂಗಿಯ ಜೊತೆಗೆ ಸಿಟ್ಟೂ ಮಾರಾಟಕ್ಕಿತ್ತು. ಜನರನ್ನು ಬೆಚ್ಚಿಬೀಳಿಸಲೆಂದೇ ಆ ಕೂಟದ ಕೆಲವರು ನಾಜಿಗಳ ಚಿಹ್ನೆಯನ್ನು ತೊಟ್ಟು ತಿರುಗಿದರು. ಅದಕ್ಕೆ ಯಾವ ವ್ಯಾಖ್ಯಾನವೂ ನಮಗೆ ಒಪ್ಪಿಗೆಯಾಗದು.

ಹಾಗಾದರೆ ಯಾರನ್ನು ಸೇರಿಸಿದೆವು? ಮೊದಲಿಗೆ ರಮೋನ್ಸರದೊಂದು, ಕದ ತಟ್ಟುವುದಕ್ಕೆ. ಅದರ ಹಿಂದೆ ಕ್ಲ್ಯಾಶ್ ತಂಡದ ‘ವೈಟ್ ರಾಯಟ್’. 1976ರ ಆಗಸ್ಟಿನಲ್ಲಿ ಲಂಡನ್ನಿನ ನಾಟಿಂಗ್ ಹಿಲ್ ಜಾತ್ರೆಯಲ್ಲಿ ಕರಿಯ ತರುಣರಿಗೂ ಪೋಲೀಸರಿಗೂ ಕಾಳಗ ನಡೆಯಿತು. ಅದನ್ನು ಕಣ್ಣಾರೆ ಕಂಡ ಬಿಳಿಯ ಹುಡುಗರು, ಎದುರು ನಿಲ್ಲುವ ಆ ಎದೆ ನಮ್ಮವರಿಗೇಕಿಲ್ಲವೆಂದು ತಮ್ಮವರನ್ನೇ ಜರೆದು ಕಟ್ಟಿದ ಹಾಡಿದು. ಹೆಸರು ಕೇಳಿ ಜನಾಂಗದ್ವೇಷವೆಂದು ತಿಳಿದವರುಂಟು. ತಿಳಿದು ಕುಣಿದವರೂ ಉಂಟು. ಶಬ್ದವನ್ನು ಹಿಡಿದು ಧ್ವನಿಯನ್ನು ಬಿಟ್ಟರೆ ಆಗುವ ಅನರ್ಥಕ್ಕೆ ನಮ್ಮ ಆಲಂಕಾರಿಕರು ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ಬಯಸುತ್ತಿರಲಿಲ್ಲ. ಮೂರನೆಯದು ಎಕ್ಸ್‌ರೇ ಸ್ಪೆಕ್ಸ್ ತಂಡದ 1977ರ ಹಾಡು. ಹಾಡಿದವಳು ಪಾಲಿ ಸ್ಟೈರೀನ್ ಎಂಬ ಹೆಸರಿಟ್ಟುಕೊಂಡ ತರುಣಿ. ತಂದೆ ಸೋಮಾಲಿ, ತಾಯಿ ಬ್ರಿಟಿಷ್. ಹೆಣ್ಣುಮಗು ಬಾಯಿ ಮುಚ್ಚಿಕೊಂಡಿರಬೇಕೆಂಬ ಹಿರಿಯರ ಬುದ್ಧಿಮಾತನ್ನು ಅವಳು ಸಣ್ಣ ದನಿಯಲ್ಲಿ ಒಪ್ಪಿಸಿ, ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಅದನ್ನು ಚೂರುಚೂರು ಮಾಡುತ್ತಾಳೆ. ಶ್ರುತಿ ಸರಿಯಿಲ್ಲ. ಸರಿಯಿದ್ದಿದ್ದರೆ ಹಾಡು ಸುಳ್ಳಾಗುತ್ತಿತ್ತು.

ಮಗ್ಗುಲಿನ ಕೊನೆಗೆ ಇಟ್ಟದ್ದು ಹೆಚ್ಚು ಜನ ಕೇಳದ ಹಾಡು. ವಲಸೆ ಬಂದವರಿಂದ ದೇಶ ಮುಳುಗಿಹೋದೀತೆಂಬ ಭೀತಿ ಜನರಲ್ಲಿದೆ ಎಂದು 1978ರಲ್ಲಿ ಮಾರ್ಗರೆಟ್ ಥ್ಯಾಚರ್ ಆಡಿದ ಮಾತು ಪ್ರಸಿದ್ಧವಾಗಿದೆ. ಪಾಕಿಸ್ತಾನಿ ಮೂಲದ ಕೆಲವು ಲಂಡನ್ ಹುಡುಗರು ಆ ಮಾತನ್ನೇ ತಿರುಗಿಸಿ ತಮ್ಮ ತಂಡಕ್ಕೆ ‘ಏಲಿಯನ್ ಕಲ್ಚರ್’, ಎಂದರೆ ಪರಕೀಯ ಸಂಸ್ಕೃತಿ, ಎಂದು ಹೆಸರಿಟ್ಟರು. 1980ರಲ್ಲಿ ಹೊರಬಂದ ಅವರ ಪುಟ್ಟ ತಟ್ಟೆಯ ಒಂದು ಹಾಡಿನ ಹೆಸರೇ ‘ಕಲ್ಚರ್ ಕ್ರಾಸೋವರ್’. ಮನೆಯೊಳಗೆ ಒಂದು ಲೋಕ, ಹೊಸ್ತಿಲಾಚೆ ಇನ್ನೊಂದು. ಎರಡೂ ತಮ್ಮವೆನ್ನುವ, ಎರಡೂ ತಮ್ಮನ್ನು ಒಪ್ಪದಿರುವ ಹುಡುಗರ ಪಾಡು ಅದು. ವಾದನ ಸಾಧಾರಣ. ಆದರೆ ಅಂಗಳದಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ ಆಡಿಕೊಂಡು ಬೆಳೆದ ಗಡಹಿಂಗ್ಲಜ ಸೀಮೆಯವರಿಗೆ ಅದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯ ಮಗ್ಗುಲಿಗೆ ಬರುವಾಗ ಒಂದು ಎಚ್ಚರ ಬೇಕು. ಬಂಡಾಯವೆಂದೊಡನೆ ಹನ್ನೆರಡನೆಯ ಶತಮಾನಕ್ಕೆ ಓಡುವ ಚಟ ನಮಗಿದೆ. ವಚನಗಳು ದೊಡ್ಡವು; ಆದರೆ ಅವನ್ನು ಹಾರ್ಮೋನಿಯಂ, ಪಿಟೀಲು, ತಬಲಗಳ ಮೆತ್ತೆಯ ಮೇಲೆ ಮಲಗಿಸಿ ಹಾಡುವ ಪದ್ಧತಿಯಲ್ಲಿ ಸಿಟ್ಟು ನಿದ್ದೆ ಹೋಗಿರುತ್ತದೆ. ಆದ್ದರಿಂದ ಅವು ಇಲ್ಲಿಲ್ಲ. ನಾವು ಮೊದಲಿಟ್ಟದ್ದು ಹಲಗಲಿಯ ಬೇಡರ ಲಾವಣಿ. ಅದೂ ಪೂರ್ತಿಯಲ್ಲ, ಹಾಡಿಕೆಯವರು ಚಿಕ್ಕದು ಮಾಡಿದ ಪಾಠ. 1857ರಲ್ಲಿ ಹತಾರಗಳನ್ನು ಒಪ್ಪಿಸಿರೆಂದು ಕುಂಪಣಿ ಸರಕಾರ ಆಜ್ಞೆ ಮಾಡಿದಾಗ ಮುಧೋಳ ಸಂಸ್ಥಾನದ ಹಲಗಲಿಯವರು ಒಪ್ಪಲಿಲ್ಲ; ದಂಡು ಬಂದು ಊರು ಸುಟ್ಟಿತು. ಲಾವಣಿಕಾರ ಸಂತೈಸಲು ಹೋಗುವುದಿಲ್ಲ. ಬೂದಿಯನ್ನು ತೋರಿಸಿ ಸುಮ್ಮನಾಗುತ್ತಾನೆ. ಇದನ್ನು ಸಂಗ್ರಹಿಸಿ 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚು ಹಾಕಿಸಿದವರು ಜೆ. ಎಫ್. ಫ್ಲೀಟ್. ಅವರು ಅದೇ ಸರಕಾರದ ಅಧಿಕಾರಿಗಳು! ತಮ್ಮ ಸರಕಾರದ ಮೇಲೆ ಹಾಡಿದ ಹಾಡೆಂದು ಅದನ್ನು ಅವರು ಬಿಡಲಿಲ್ಲ, ತಿದ್ದಲೂ ಇಲ್ಲ. ಈ ಸಂಗತಿಗೆ ಮುಂದೆ ಕೆಲಸವಿದೆ.

ಆಮೇಲೆ ಸಿದ್ಧಲಿಂಗಯ್ಯನವರು (1954–2021). 1975ರ ‘ಹೊಲೆಮಾದಿಗರ ಹಾಡು’ ಕನ್ನಡ ಕಾವ್ಯದ ಕಿವಿಯನ್ನೇ ಬದಲಿಸಿತೆಂಬುದು ಈಗ ವಾದದ ವಿಷಯವಲ್ಲ. ಆ ಹಾಡುಗಳು ಹಾಳೆಯ ಮೇಲೆ ಬಾಳಿದವಲ್ಲ. ದಲಿತ ಸಂಘರ್ಷ ಸಮಿತಿಯ ಮೆರವಣಿಗೆಗಳಲ್ಲಿ ತಮಟೆಯ ಪೆಟ್ಟಿಗೆ ಹೆಜ್ಜೆಯಿಟ್ಟು ಬಾಳಿದವು. ಚಿಕ್ಕ ಸಾಲು, ಬಡಿದಂತೆ ಬರುವ ಪ್ರಾಸ, ಒಂದು ಸಲ ಕೇಳಿದವನೂ ಎರಡನೆಯ ಸಲಕ್ಕೆ ಹಿಮ್ಮೇಳ ಸೇರಬಲ್ಲ ಪಲ್ಲವಿ. ಪಂಕ್‌ನವರು ಮೂರು ಸ್ವರಮೇಳಗಳಿಂದ ಸಾಧಿಸಿದ್ದನ್ನು ಇಲ್ಲಿ ಒಂದು ಚರ್ಮವಾದ್ಯ ಸಾಧಿಸಿದೆ. ಆದರೆ ಆಯ್ಕೆಗೆ ಕುಳಿತಾಗ ಒಂದು ತೊಡಕು ಕಂಡಿತು. ಕರೆ ಕೊಡುವ ಹಾಡುಗಳನ್ನು ಕಿವಿಗೆ ತಂತಿ ಸಿಕ್ಕಿಸಿಕೊಂಡು ಒಬ್ಬನೇ ಕೇಳಿದರೆ ಅವು ಬಡವಾಗುತ್ತವೆ. ಅವುಗಳ ಸ್ಥಾಯಿ ಉತ್ಸಾಹ. ಉತ್ಸಾಹಕ್ಕೆ ನೆರೆದ ಜನ ಬೇಕು. ಜನ್ಮ ಕೊಟ್ಟ ಗುಂಪಿನಿಂದ ಬೇರ್ಪಟ್ಟ ಹಾಡು, ಜಾತ್ರೆ ಮುಗಿದ ಮರುದಿನದ ತೇರಿನಂತೆ. ಆದ್ದರಿಂದ ಮೆರವಣಿಗೆಯ ಹಾಡುಗಳನ್ನು ಬಿಟ್ಟು, ಸ್ವಾತಂತ್ರ್ಯದ ಜಮಾಖರ್ಚನ್ನು ಬಡವನ ಕಡೆಯಿಂದ ಕೇಳುವ ಅವರ ಪ್ರಸಿದ್ಧ ಗೀತೆಯೊಂದನ್ನೇ ತೆಗೆದುಕೊಂಡೆವು. ಪ್ರಶ್ನೆ ಕೇಳುವ ಹಾಡಿಗೆ ಒಬ್ಬ ಕೇಳುಗನಿದ್ದರೂ ನಡೆಯುತ್ತದೆ.

ಈಗ ಜಗಳದ ಹಾಡು. ಅಣ್ಣಾಭಾವು ಸಾಠೆಯವರ ‘ಮಾಝೀ ಮೈನಾ’. ಸಾಂಗಲಿ ಜಿಲ್ಲೆಯ ವಾಟೇಗಾವದಲ್ಲಿ 1920ರಲ್ಲಿ ಹುಟ್ಟಿದ ಅಣ್ಣಾಭಾವು ಶಾಲೆ ಕಂಡದ್ದು ಒಂದೂವರೆ ದಿನವೆಂದು ಪ್ರಸಿದ್ಧಿ. (ಮಾಸ್ತರಿಕೆ ಮಾಡುವ ನಮಗೆ ಇದು ಚುಚ್ಚುವ ಮಾತು.) ಹುಡುಗನಿದ್ದಾಗಲೇ ಮುಂಬಯಿ ಸೇರಿ, ಗಿರಣಿಯಲ್ಲಿ ದುಡಿದು, 1944ರಲ್ಲಿ ಅಮರ ಶೇಖ, ಗವ್ಹಾಣಕರ ಇವರೊಡನೆ ‘ಲಾಲ್ ಬಾವಟಾ ಕಲಾಪಥಕ’ವನ್ನು ಕಟ್ಟಿದರು, 1969ರಲ್ಲಿ ತೀರಿಕೊಂಡರು. ಈ ಹಾಡು ಸಂಯುಕ್ತ ಮಹಾರಾಷ್ಟ್ರ ಚಳವಳಿಯದು. ಹೊಟ್ಟೆಪಾಡಿಗೆ ಮುಂಬಯಿ ಸೇರಿದ ಗಂಡ ಊರಲ್ಲಿ ಬಿಟ್ಟು ಬಂದ ಹೆಂಡತಿಯನ್ನು ನೆನೆಯುತ್ತಾನೆ. ಹಾಡು ಬೆಳೆದಂತೆ ಆ ಹೆಂಡತಿಯೇ, ಮಹಾರಾಷ್ಟ್ರಕ್ಕೆ ಸೇರದೆ ಉಳಿದ ಬೆಳಗಾವಿ, ಕಾರವಾರಗಳ ನಾಡಾಗುತ್ತಾಳೆ.

ಮಿತ್ರರ ಆಕ್ಷೇಪ ಇಲ್ಲಿಯೇ. ಕನ್ನಡ ಸಂಘದವರು ಬೆಳಗಾವಿಯನ್ನು ಬೇಡುವ ಹಾಡನ್ನು ಮೆಚ್ಚುವುದೆಂದರೇನು? 1967ರಲ್ಲಿ ಮಹಾಜನ ಆಯೋಗ ಬೆಳಗಾವಿ ನಗರ ಕರ್ನಾಟಕದಲ್ಲಿಯೇ ಇರಲೆಂದು ವರದಿ ಕೊಟ್ಟಿತು. ಮಹಾರಾಷ್ಟ್ರ ಅದನ್ನೊಪ್ಪದೆ 2004ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಇಂಥದರಲ್ಲಿ ಇದು ಆತ್ಮಾವಮಾನವಲ್ಲವೆ? ಇನ್ನು ಕೆಲವರು ಸೌಮ್ಯರು. ಮೊದಲ ಭಾಗವನ್ನಿಟ್ಟುಕೊಂಡು ಕೊನೆಯದನ್ನು ಕತ್ತರಿಸಿರಿ ಎಂದರು.

ಬೆಳಗಾವಿಯ ವಿಷಯದಲ್ಲಿ ಹಾಡಿನ ವಾದವನ್ನು ನಾವು ಒಪ್ಪುವುದಿಲ್ಲ. ಆದರೆ ಹಾಡೆಂಬುದು ವಕೀಲರ ಕೈಫಿಯತ್ತಲ್ಲ. ನಾಡಿನ ಎಲ್ಲೆಯನ್ನು ಹಾಡಿದ್ದೇ ತಪ್ಪಾದರೆ ಮೊದಲು ಹೊರಗೆ ಹೋಗಬೇಕಾದದ್ದು ನಮ್ಮ ‘ಕವಿರಾಜಮಾರ್ಗ’. ಒಂಬತ್ತನೆಯ ಶತಮಾನದ ಆ ಗ್ರಂಥ ಕನ್ನಡನಾಡನ್ನು ಗೋದಾವರಿಯ ತನಕ ಒಯ್ದಿದೆ. ಆ ಲೆಕ್ಕದಲ್ಲಿ ಉತ್ತೂರವೂ ಒಳಗೆ, ಕೊಲ್ಹಾಪುರವೂ ಒಳಗೆ. ಆ ಪದ್ಯವನ್ನು ಮರಾಠಿ ರಸಿಕನೊಬ್ಬ ಮೆಚ್ಚಿದರೆ ಅವನನ್ನು ದೊಡ್ಡ ಮನಸ್ಸಿನವನೆಂದು ಹೊಗಳುವ ನಾವು, ನಮ್ಮ ಸರದಿ ಬಂದಾಗ ಮನಸ್ಸು ಚಿಕ್ಕದು ಮಾಡಿಕೊಳ್ಳುವುದು ನ್ಯಾಯವಲ್ಲ. ಫ್ಲೀಟ್ ಸಾಹೇಬರು ಹಲಗಲಿಗೆ ಮಾಡಿದಷ್ಟನ್ನಾದರೂ ನಾವು ಮೈನಾಳಿಗೆ ಮಾಡಬೇಕು.

ಕತ್ತರಿಸುವ ಮಾತಂತೂ ಬೇಡವೇ ಬೇಡ. ಈ ಹಾಡಿನ ಸತ್ತ್ವ ಇರುವುದು ಹೆಂಡತಿಯಿಂದ ನಾಡಿಗೆ ಹೊರಳುವ ಆ ತಿರುವಿನಲ್ಲಿ. ಅಲ್ಲಿ ಶೃಂಗಾರದ ವಿಪ್ರಲಂಭವು ಹೆಸರು ಬದಲಿಸದೆಯೇ ಕ್ರೋಧವಾಗುತ್ತದೆ. ತಿರುವನ್ನು ತೆಗೆದರೆ ಉಳಿಯುವುದು ಇಂಪಾದ ವಿರಹಗೀತೆ. ಅಂಥವು ಹತ್ತು ಸಿಕ್ಕಾವು. ಅಲ್ಲದೆ ಆ ವಿರಹವಾದರೂ ಯಾವ ಭಾಷೆಯದು? ಆಜರಾ, ಗಡಹಿಂಗ್ಲಜ, ಚಂದಗಡಗಳಿಂದ ಮುಂಬಯಿ ಗಿರಣಿಗಳಿಗೆ ಹೋದವರ ಹೆಂಡಂದಿರು ಕಾದದ್ದು ಮರಾಠಿಯಲ್ಲಿಯೋ ಕನ್ನಡದಲ್ಲಿಯೋ ಎಂದು ಯಾವ ಆಯೋಗ ಕೇಳಬೇಕು? 1982ರ ಮುಷ್ಕರದ ಮೇಲೆ ಗಿರಣಿಗಳು ಒಂದೊಂದಾಗಿ ಕದವಿಕ್ಕಿದಾಗ ಹಿಂದಿರುಗಿದವರಲ್ಲಿ ಎರಡೂ ನುಡಿಯವರಿದ್ದರು. 1981ರಲ್ಲಿ ನಿಪ್ಪಾಣಿಯ ಹೆದ್ದಾರಿಯಲ್ಲಿ ತಂಬಾಕಿನ ದರಕ್ಕಾಗಿ ಕುಳಿತ ರೈತರ ಮೇಲೆ ಹಾರಿದ ಗುಂಡುಗಳೂ ಮಾತೃಭಾಷೆಯನ್ನು ವಿಚಾರಿಸಲಿಲ್ಲ.

ಹಾಡು ಸಂಕಲನದಲ್ಲಿದೆ, ಪೂರ್ತಿಯಾಗಿ, ಸಿದ್ಧಲಿಂಗಯ್ಯನವರ ಗೀತೆಯ ಬೆನ್ನಿಗೇ ಇದೆ. ಈ ನೆರೆಹೊರೆಯಿಂದ ಎರಡಕ್ಕೂ ಲಾಭವಾಗಿದೆ. ಸ್ವಾತಂತ್ರ್ಯ ಬಡವನಿಗೆ ತಲುಪಿತೇ ಎಂದು ಒಬ್ಬರು ಕೇಳಿ ಮುಗಿಸುವಷ್ಟರಲ್ಲಿ ಮುಂಬಯಿಯ ಬೀದಿಯಿಂದ ಇನ್ನೊಬ್ಬ ಬಡವ ಮಾತಾಡತೊಡಗುತ್ತಾನೆ. ಮೊದಲು ಮೈನಾಳನ್ನು, ಆಮೇಲೆ ಆ ಪ್ರಶ್ನೆಯನ್ನು ಇಟ್ಟು ನೋಡಿದೆವು. ಆಗ ಪ್ರಶ್ನೆ ಗಡಿಯ ತಕರಾರಿಗೆ ಕೊಟ್ಟ ಉತ್ತರದಂತೆ ಕೇಳಿಸಿತು. ಜೋಡಣೆಯ ಔಚಿತ್ಯವೆಂದರೆ ಇಷ್ಟು ಸೂಕ್ಷ್ಮ.

ಇಷ್ಟಾಗಿ ಎರಡನೆಯ ಮಗ್ಗುಲಿನಲ್ಲಿ ನಾಲ್ಕು ನಿಮಿಷ ಖಾಲಿ ಉಳಿದಿವೆ. ಮನೆಯಲ್ಲಿ ಹಾಡು ತುಂಬಿಸಿಕೊಳ್ಳುವುದರಿಂದ ಸಂಗೀತ ಸಾಯುತ್ತದೆಂದು 1981ರ ಸುಮಾರಿಗೆ ಇಂಗ್ಲೆಂಡಿನ ತಟ್ಟೆಯ ಕಂಪನಿಗಳು ಗುಲ್ಲೆಬ್ಬಿಸಿದಾಗ, ಡೆಡ್ ಕೆನಡೀಸ್ ಎಂಬ ಅಮೇರಿಕೆಯ ಪಂಕ್ ತಂಡ ತನ್ನ ಕ್ಯಾಸೆಟ್ಟಿನ ಒಂದು ಮಗ್ಗುಲನ್ನು ಕೇಳುಗರು ತುಂಬಿಕೊಳ್ಳಲೆಂದು ಖಾಲಿಯಾಗಿಯೇ ಬಿಟ್ಟಿತು. ನಾವು ಅಷ್ಟು ಉದಾರಿಗಳಲ್ಲ. ಈ ಮಗ್ಗುಲಿನಲ್ಲಿ ಹೆಣ್ಣಿನ ದನಿಯಿಲ್ಲ. ಆ ನಾಲ್ಕು ನಿಮಿಷ ಅದಕ್ಕೆ ಮೀಸಲು. ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಹೊರತಂದಾಗ ಅದರಲ್ಲಿ ತಾಯಿ, ತವರು, ತೊಟ್ಟಿಲುಗಳ ನಡುವೆ ಅತ್ತೆಮನೆಯ ಮೇಲಿನ ಸಿಟ್ಟೂ ಇತ್ತು. ಬೀಸುವ ಕಲ್ಲಿನ ತ್ರಿಪದಿಗೆ ಮೂರೇ ಸಾಲು. ರಮೋನ್ಸರ ಯಾವ ಹಾಡೂ ಅಷ್ಟು ಚಿಕ್ಕದಲ್ಲ. ಗಿರಣಿ ಬಂದ ಮೇಲೆ ಬೀಸುವ ಕಲ್ಲು ಮೂಲೆ ಸೇರಿದೆ, ಆದರೆ ನಮ್ಮ ಸೀಮೆಯ ಮುದುಕಿಯರ ನಾಲಗೆಯ ಮೇಲೆ ತ್ರಿಪದಿ ಇನ್ನೂ ಇದೆ. ಸುಗ್ಗಿಯ ಕೆಲಸ ಮುಗಿದು ಅವರಿಗೆ ಬಿಡುವಾದ ಮೇಲೆ ಮೊಬೈಲು ಹಿಡಿದು ಹೋಗುವುದಿದೆ.